ಹಿತ್ತಲ ಬೇವಿನ ಗಿಡಕ್ಕೆ ಕೆಂಪು ಬಣ್ಣ ಬಳಿದು ಹೋಗಿದ್ದಾರೆ, ಏನು ಮಾಡಲಿ?

ಪ್ರಶ್ನೆ: ನಾನು ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಿಯಾದವಳು. ಈಗ ಸೇಡಂ ತಾಲೂಕಿನಲ್ಲಿರುವ ಗಂಡನ ಊರಿಗೆ ಬಂದಿದ್ದೇವೆ. ಹಳೆ ಮನೆ, ದೊಡ್ಡ ಹಿತ್ತಲು. ಸುತ್ತ ಪರ್ಸಿ ಕಲ್ಲು, ಅಂದರೆ ಚಪ್ಪಡಿ ಕಲ್ಲು ಒಟ್ಟಿದ ಗೋಡೆ. ರಸ್ತೆ ಕಡೆಗೆ ಬೇವು, ಹಿಂದುಗಡೆ ಹುಣಸೆ. ಬಳಸದ ಬಾವಿಯೊಂದಿದೆ, ಅದರ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗನ ಗೂಡುಗಳಿವೆ. ಬೇವಿನ ಪೊಟರೆಯಲ್ಲಿ ಸಣ್ಣ ಗೂಬೆಗಳ ಜೋಡಿ ಇದೆ. ಮುಂಗುಸಿ ಬಂದು ಹೋಗುತ್ತದೆ. ಹೋದ ತಿಂಗಳು ಎರಡು ಸಲ ಹಾವು ಕಂಡಿತು. ಅಂದಿನಿಂದ ಮನೆಯವರೆಲ್ಲ ಹಿತ್ತಲು ಬೋಳಿಸಿ ಸಿಮೆಂಟ್ ಹಾಕಿಸೋಣ ಅನ್ನುತ್ತಿದ್ದಾರೆ. ಇದರ ಮಧ್ಯೆ ಸಿಸಿ ರಸ್ತೆ, ಚರಂಡಿ ಕೆಲಸ ಬಂದಿದೆ. ಬೇವಿನ ಗಿಡಕ್ಕೆ ಕೆಂಪು ಬಣ್ಣ ಬಳಿದು ಹೋಗಿದ್ದಾರೆ. ಪಂಚಾಯಿತಿಯಲ್ಲಿ ಕೇಳಿದರೆ ‘ಮೇಲಿಂದ ಬಂದ ಕೆಲಸ’ ಅನ್ನುತ್ತಾರೆ. ಸದಸ್ಯರೊಬ್ಬರು ‘ಗಿಡ ಬೇಕೋ ರೋಡ್ ಬೇಕೋ ಹೇಳ್ರಿ’ ಅಂದರು. ಕೆರೆ ದಂಡೆಯಲ್ಲಿ ಊರ ಕಸ ಸುಡುತ್ತಾರೆ. ಜೂನ್ 5ಕ್ಕೆ ಅಲ್ಲೇ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಸಾಕಾಗಿದೆ. ಏನಾದರೂ ಮಾಡಲು ಬರುತ್ತದೆಯೇ?

ಉತ್ತರ: ಅಕ್ಕೋರೆ, ಬರುತ್ತದೆ. ಆದರೆ ಮೊದಲು ಹಾವಿನ ಮಾತು ಮುಗಿಸೋಣ. ಮನೆಯವರು ಹೆದರಿಕೊಂಡೇ ಇದ್ದರೆ ನೀವು ಪಂಚಾಯಿತಿಯಲ್ಲಿ ಬೇವಿನ ಪರ ಮಾತಾಡುತ್ತಿರುವಾಗಲೇ ಇತ್ತ ಮನೆಯಲ್ಲಿ ಸಿಮೆಂಟ್ ಚೀಲ ಇಳಿದಿರುತ್ತದೆ.

ಹಗಲಲ್ಲಿ ಕಂಡಿತಾ, ರಾತ್ರಿಯಾ? ನೀವು ಬರೆದಿಲ್ಲ. ಹಗಲು ಹೊತ್ತಿನಲ್ಲಿ, ಆಳುದ್ದದ ಹಾವು, ಕಂಡ ತಕ್ಷಣ ಸರ್ರನೆ ಓಡಿ ಹೋಗಿದ್ದರೆ ಬಹುಪಾಲು ಅದು ಕೇರೆ. ದೊಡ್ಡ ಕಣ್ಣು, ತುಟಿಯ ಮೇಲೆ ಸಾಲಾಗಿ ಕಪ್ಪು ಗೆರೆ, ಹೆಡೆ ಇಲ್ಲ, ವಿಷವೂ ಇಲ್ಲ. ತೊಗರಿ, ಜೋಳ ಕೂಡಿಟ್ಟ ಮನೆಗೆ ಅದು ಬರುವುದು ಇಲಿಗಾಗಿ. ನೀವು ಎಚ್ಚರ ವಹಿಸಬೇಕಾದದ್ದು ಬೇರೆ ಎರಡರ ಬಗ್ಗೆ. ಒಂದು ಗರಗಸ ಮಂಡಲ. ಒಂದು, ಒಂದೂವರೆ ಅಡಿಯ ಪುಟ್ಟ ಹಾವು. ಒಣ ಕಲ್ಲುಭೂಮಿ ಅಂದರೆ ಅದಕ್ಕೆ ಪ್ರಾಣ. ಕೆಣಕಿದರೆ ಸುತ್ತಿಕೊಂಡು ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಚರಚರ ಸದ್ದು ಮಾಡುತ್ತದೆ. ನಿಮ್ಮ ಪರ್ಸಿ ಗೋಡೆಯ ಸಂದುಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಇನ್ನೊಂದು ಕಟ್ಟು ಹಾವು. ಕಪ್ಪು ಮೈ, ಅಡ್ಡಡ್ಡ ಬಿಳಿ ಪಟ್ಟೆ. ರಾತ್ರಿಯೇ ಓಡಾಟ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು, ರೆಪ್ಪೆ ಭಾರ ಅಂದರೆ ಗ್ಯಾಸ್ ಅಂದುಕೊಂಡು ಕೂತವರು ಇದ್ದಾರೆ.

ಹಾಗಾಗಿ ಮಂಚ ಮತ್ತು ಸೊಳ್ಳೆ ಪರದೆ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಬಚ್ಚಲ ನೀರು ಹೊರಗೆ ಹೋಗುವ ತೂತಿಗೆ ಜಾಲರಿ ಹಾಕಿ. ರಾತ್ರಿ ಹಿತ್ತಲಿಗೆ ಹೋಗುವಾಗ ಬ್ಯಾಟರಿ ಬೇಕೇ ಬೇಕು. ಒಲೆಗೆಂದು ತಂದ ತೊಗರಿ ಕಟ್ಟಿಗೆ ಎಲ್ಲಿ ಒಟ್ಟಿದ್ದೀರಿ? ನಮ್ಮ ಕಡೆ ಮುಕ್ಕಾಲು ಮನೆಗಳಲ್ಲಿ ಅದು ಅಡುಗೆಮನೆ ಗೋಡೆಗೆ ಆನಿಕೊಂಡೇ ಇರುತ್ತದೆ. ಕೈ ಹಾಕಿ ಎಳೆದಾಗ ಕಚ್ಚಿಸಿಕೊಳ್ಳುವುದು ಅಲ್ಲೇ. ಅದನ್ನು ಗೋಡೆಯಿಂದ ದೂರ, ಹಿತ್ತಲ ಆ ತುದಿಗೆ, ಕಲ್ಲಿನ ಮೇಲೆ ನೆಲದಿಂದ ಒಂದಡಿ ಎತ್ತರದಲ್ಲಿ ಒಟ್ಟಿ. ಪರ್ಸಿ ಗೋಡೆಯಲ್ಲಿ ಮನೆಗೆ ಹತ್ತಿರ ಇರುವ ಭಾಗದ ಸಂದನ್ನಷ್ಟೇ ಗಾರೆಯಿಂದ ಮುಚ್ಚಿ. ದೂರದ ಗೋಡೆ ಹಾಗೇ ಇರಲಿ. ಅಲ್ಲಿ ಹಲ್ಲಿ, ಹಾವುರಾಣಿ, ಅಳಿಲು ಬದುಕಿಕೊಳ್ಳುತ್ತವೆ.

ಕಚ್ಚಿದರೆ ಸೀದಾ ತಾಲೂಕು ಆಸ್ಪತ್ರೆ. ಬಿಗಿದು ಕಟ್ಟುವುದು, ಕೊಯ್ಯುವುದು, ಮಂತ್ರ, ಯಾವುದೂ ಬೇಡ. ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ಒಯ್ಯುವುದಂತೂ ಬೇಡವೇ ಬೇಡ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಔಷಧ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅದರಿಂದ ಕಡಿತ ಕಡಿಮೆಯಾಗುವುದಿಲ್ಲ, ಆದರೆ ಎಲ್ಲಿ ಜಾಸ್ತಿ ಅನ್ನುವ ಲೆಕ್ಕ ಈಗಲಾದರೂ ಸಿಗುತ್ತದೆ.

ಇನ್ನು ಸಿಮೆಂಟ್. ನಿಮ್ಮದು ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿಯಾ? ಹಾಗಿದ್ದರೆ ಮನೆಯವರಿಗೆ ಈ ಒಂದು ಮಾತು ಹೇಳಿ ಸಾಕು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲೆ ತೆಳ್ಳಗೆ ಹಾಕಿದ ಕಾಂಕ್ರೀಟ್ ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ಆ ಸೀಳಿನ ಕೆಳಗೆ ತಂಪು, ಕತ್ತಲೆ. ಚೇಳಿಗೆ ನೀವೇ ದುಡ್ಡು ಕೊಟ್ಟು ಮನೆ ಕಟ್ಟಿಸಿಕೊಟ್ಟ ಹಾಗೆ. ಮೇಲಾಗಿ ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಸಿಮೆಂಟ್ ರಾತ್ರಿ ಕಾವು ಬಿಡುತ್ತಾ ಇರುತ್ತದೆ. ಹೊರಗೆ ಮಂಚ ಹಾಕಿ ಮಲಗುವ ಸುಖವೂ ಹೋಯಿತು. ಬಾಗಿಲಿಂದ ಬಚ್ಚಲವರೆಗೆ ಎರಡಡಿ ಅಗಲದ ಪರ್ಸಿ ದಾರಿ ಹಾಕಿಸಿ. ಉಳಿದದ್ದನ್ನು ಗುಡಿಸಿ ಚೊಕ್ಕ ಇಡಿ. ಮುಂಗುಸಿ ಅದನ್ನು ತನ್ನ ಪಾಡಿಗೆ ನೋಡಿಕೊಳ್ಳುತ್ತದೆ.

ಬಾವಿಗೆ ಎದೆಮಟ್ಟದ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ. ಮಕ್ಕಳು ಓಡಾಡುವ ಮನೆ, ಅದರಲ್ಲಿ ರಾಜಿ ಬೇಡ. ಜಾಲಿ ಕೊಂಬೆಗೆ ಮಾತ್ರ ಕೈ ಹಚ್ಚಬೇಡಿ. ಗೀಜಗ ಮುಂಗಾರು ಹಿಡಿದ ಮೇಲೆ ಗೂಡು ಹೆಣೆಯುತ್ತದೆ. ಗೂಡುಗಳು ಹೆಚ್ಚಾಗಿ ಗಿಡದ ಪೂರ್ವ ದಿಕ್ಕಿಗೇ ನೇತಾಡುತ್ತಿರುತ್ತವೆ, ಗಮನಿಸಿ. ನೈಋತ್ಯದಿಂದ ಬರುವ ಗಾಳಿ ಮಳೆಗೆ ಗಿಡವೇ ಮರೆ. ಸವರಲೇಬೇಕು ಅಂದರೆ ದೀಪಾವಳಿ ಕಳೆದ ಮೇಲೆ, ಗೂಡು ಖಾಲಿ ಅಂತ ನೋಡಿಕೊಂಡು ಸವರಿ.

ಈಗ ಬೇವಿಗೆ ಬರೋಣ. ಗೂಬೆಯ ವಿಷಯ ಮುಂದೆ ಉಪಯೋಗಕ್ಕೆ ಬರುತ್ತದೆ, ಅದನ್ನೇ ಮೊದಲು ಹೇಳುತ್ತೇನೆ. ಬೆಳಿಗ್ಗೆ ಬೇವಿನ ಬುಡಕ್ಕೆ ಹೋಗಿ ನೋಡಿ. ಹೆಬ್ಬೆರಳ ತುದಿಯಷ್ಟು ಗಾತ್ರದ ಬೂದು ಉಂಡೆಗಳು ಬಿದ್ದಿರುತ್ತವೆ. ಹಿಕ್ಕೆ ಅಂದುಕೊಂಡು ಗುಡಿಸಿಬಿಡುತ್ತೇವೆ. ತಿಂದದ್ದರಲ್ಲಿ ಅರಗದ್ದನ್ನು ಗೂಬೆ ಬಾಯಿಂದ ಹೊರಗೆ ಹಾಕಿದ್ದು ಅದು. ಒಂದನ್ನು ತಟ್ಟೆಯಲ್ಲಿಟ್ಟು, ಎರಡು ಚಮಚ ನೀರು ಹಾಕಿ, ಕಡ್ಡಿಯಿಂದ ಬಿಡಿಸಿ. ಜೀರುಂಡೆಯ ರೆಕ್ಕೆಯ ಹೊಳೆಯುವ ಚಿಪ್ಪು, ಮಿಡತೆಯ ಗರಗಸದಂಥ ಕಾಲು, ಮಧ್ಯೆ ಮಧ್ಯೆ ಬೂದು ಕೂದಲು. ಅದೃಷ್ಟ ಇದ್ದರೆ ಇಲಿಯ ದವಡೆ ಸಿಗುತ್ತದೆ, ಹಳದಿ ಬಾಚಿ ಹಲ್ಲು ಅದರಲ್ಲಿ ಹಾಗೇ ಕೂತಿರುತ್ತದೆ. ತೊಗರಿ ಬೆಳೆಯುವ ಊರಿನಲ್ಲಿ ಆ ತಟ್ಟೆಗೆ ತುಂಬಾ ಬೆಲೆ ಇದೆ. ಗೂಬೆ ಅಪಶಕುನ ಅನ್ನುವ ಅತ್ತೆಯವರಿಗೆ ತೋರಿಸಿ. ವಾರ್ಡ್ ಸಭೆಗೂ ಒಯ್ಯಿರಿ. ನಗುತ್ತಾರೆ. ನಗಲಿ, ಆದರೆ ಬಗ್ಗಿ ನೋಡದೆ ಇರುವುದಿಲ್ಲ.

ಈಗ ಮುಖ್ಯ ಮಾತು. ನಮ್ಮ ಕಡೆ ಗಿಡ ಬೀಳುವುದು ಯಾರಿಗೋ ಗಿಡದ ಮೇಲೆ ಸಿಟ್ಟಿದೆ ಅಂತಲ್ಲ ಅಕ್ಕೋರೆ. ಎಸ್ಟಿಮೇಟಿನಲ್ಲಿ, ಅಂದರೆ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಅದು ಇರುವುದಿಲ್ಲ, ಅಷ್ಟೇ. ಜೆಇ, ಅಂದರೆ ಕಿರಿಯ ಇಂಜಿನಿಯರ್, ಟೇಪು ಹಿಡಿದು ಇಷ್ಟು ಮೀಟರ್ ಉದ್ದ, ಇಷ್ಟು ಅಗಲ, ಪಕ್ಕಕ್ಕೆ ಚರಂಡಿ ಅಂತ ಬರೆಯುತ್ತಾರೆ. ಸಿಮೆಂಟ್, ಜಲ್ಲಿ, ಕಬ್ಬಿಣ, ಕೂಲಿ, ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಗಿಡಕ್ಕೆ ಒಂದು ಸಾಲೂ ಇರುವುದಿಲ್ಲ. ಉಳಿಸುವ ಸಾಲು ಇಲ್ಲದ ಮೇಲೆ ಕಂಟ್ರಾಕ್ಟರ್ ಉಳಿಸುವುದು ಯಾಕೆ? ಚರಂಡಿ ಎರಡಡಿ ಬಾಗಿಸಿದರೆ ಬಿಲ್ಲಿನಲ್ಲಿ ಅಳತೆ ತಪ್ಪುತ್ತದೆ. ಕಡಿದರೆ ಅರ್ಧ ದಿನದ ಜೆಸಿಬಿ ಕೆಲಸ. ‘ಗಿಡ ಬೇಕೋ ರೋಡ್ ಬೇಕೋ’ ಅನ್ನುವ ಪ್ರಶ್ನೆ ಏಳುವುದೇ ಎಸ್ಟಿಮೇಟ್ ಮುಗಿದ ಮೇಲೆ. ಅದಕ್ಕೂ ಮುಂಚೆ ಎರಡಕ್ಕೂ ಜಾಗ ಇರುತ್ತದೆ. ಪರಿಸರದ ಬಗ್ಗೆ ಭಾಷಣ ಮಾಡುವ ನಮ್ಮಂಥವರು ಬಹಳ ಜನ ಜೆಸಿಬಿ ಬಂದ ದಿನ ಎದ್ದು ಕೂರುತ್ತೇವೆ. ಆ ಹೊತ್ತಿಗೆ ಅರ್ಧ ಸೋತಿರುತ್ತೇವೆ.

ನಿಮಗೆ ಇನ್ನೂ ಸಮಯ ಇದೆ, ಬಣ್ಣ ಮಾತ್ರ ಬಿದ್ದಿದೆ. ಮೊದಲು ಮನೆಯ ಕಾಗದ ತೆಗೆಯಿರಿ. ಪಂಚಾಯಿತಿ ಕೊಟ್ಟ ನಮೂನೆ 9 ಮತ್ತು 11ಎ ಇದ್ದೇ ಇರುತ್ತದೆ, ಇಲ್ಲದಿದ್ದರೆ ಹಳ್ಳಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ತೆಗೆಸಿ. ಅದರಲ್ಲಿ ಅಳತೆ, ಚಕ್ಕುಬಂದಿ ಎರಡೂ ಇರುತ್ತವೆ. ಟೇಪು ಹಿಡಿದು ನೋಡಿ. ಬೇವು ನಿಮ್ಮ ಅಳತೆಯ ಒಳಗೆ ಬಂದರೆ ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಯಾರೂ ಕಡಿಯುವ ಹಾಗಿಲ್ಲ. ರಸ್ತೆ ಜಾಗದಲ್ಲಿದ್ದರೆ ಅದು ಸರ್ಕಾರದ ಗಿಡ. ಅದಕ್ಕೆ ಅರಣ್ಯ ಇಲಾಖೆಯವರು ಬಂದು, ನೋಡಿ, ಬೆಲೆ ಕಟ್ಟಿ, ಅನುಮತಿ ಕೊಡಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದೇ ಇದಕ್ಕೆ. ಕೆಲವು ಜಾತಿಯ ಗಿಡಗಳಿಗೆ ಅನುಮತಿಯಿಂದ ವಿನಾಯಿತಿ ಇದೆ. ಅದು ಗಿಡ ಬೆಳೆಸಿದ ರೈತರಿಗೆ ಅನುಕೂಲವಾಗಲಿ ಅಂತ ಕೊಟ್ಟದ್ದು. ರಸ್ತೆ ಕಂಟ್ರಾಕ್ಟರ್ ಅದನ್ನು ತೋರಿಸಿದರೆ ನಂಬಬೇಡಿ. 50ಕ್ಕಿಂತ ಜಾಸ್ತಿ ಗಿಡ ಬೀಳುವ ದೊಡ್ಡ ಕೆಲಸವಾದರೆ ಸಾರ್ವಜನಿಕರಿಂದ ಆಕ್ಷೇಪಣೆ ಕೇಳಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ನಿಮ್ಮದು ಒಂದೇ ಗಿಡ. ಹಾಗಾಗಿ ಯಾರೂ ಬಂದು ಕೇಳುವುದಿಲ್ಲ, ನೀವೇ ಹೋಗಿ ಹೇಳಬೇಕು.

ಎರಡನೆಯದು, ಈ ದುಡ್ಡು ಎಲ್ಲಿಂದ ಬಂತು ಅಂತ ವಿಚಾರಿಸಿ. ‘ಮೇಲಿಂದ’ ಅಂದರೆ ಎಲ್ಲಿಂದ? ಹಣಕಾಸು ಆಯೋಗದ ಅನುದಾನ ಆಗಿದ್ದರೆ ಕ್ರಿಯಾ ಯೋಜನೆ ನಿಮ್ಮ ಪಂಚಾಯಿತಿಯದೇ. ಅದು ಗ್ರಾಮ ಸಭೆಗೆ ಬಂದು ಹೋಗಿರಬೇಕು. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕೈ ತೊಳೆದುಕೊಳ್ಳುವ ಹಾಗಿಲ್ಲ. ಮಂಡಳಿಯ ದುಡ್ಡು, ಅಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯದು ಆಗಿದ್ದರೆ ಲೆಕ್ಕ ಬೇರೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ 2013ರಲ್ಲಿ ಹುಟ್ಟಿದ ಮಂಡಳಿ ಅದು. ನಮ್ಮ ಹಳ್ಳಿಗಳಲ್ಲಿ ಕಾಣುವ ಸಿಸಿ ರಸ್ತೆ, ಸಮುದಾಯ ಭವನಗಳಲ್ಲಿ ಅದರ ದುಡ್ಡಿನವು ಬಹಳ. ಅಂಥ ಕೆಲಸ ಮಾಡಿಸುವುದು ಇಂಜಿನಿಯರಿಂಗ್ ವಿಭಾಗದವರು. ಎಸ್ಟಿಮೇಟ್ ತಿದ್ದುವ ಕೈ ಅವರದು. ಆಗ ಪಂಚಾಯಿತಿಯಲ್ಲಿ ಎಷ್ಟು ಕೂಗಾಡಿದರೂ ಪಾಪ, ಅವರಿಗೂ ಏನೂ ಮಾಡಲು ಬರುವುದಿಲ್ಲ. ಬಹಳ ಜನ ಸೋಲುವುದು ಇಲ್ಲೇ. ತಪ್ಪು ಬಾಗಿಲು ತಟ್ಟಿ ತಟ್ಟಿ ಬೇಸತ್ತು ‘ಎಲ್ಲಾ ಕಳ್ಳರು’ ಅಂತ ಮನೆಗೆ ಬಂದುಬಿಡುತ್ತೇವೆ.

ಮಾಹಿತಿ ಹಕ್ಕಿನಲ್ಲಿ ಎಸ್ಟಿಮೇಟ್ ನಕಲು ಕೇಳಬಹುದು. 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದು ಅರ್ಜಿಗೆ ಒಂದೇ ವಿಷಯ. ನಮ್ಮ ರಾಜ್ಯದ ನಿಯಮದ ಪ್ರಕಾರ 150 ಪದದೊಳಗೆ ಬರೆಯಬೇಕು. ನೀವು ಟೀಚರ್ ಆಗಿದ್ದವರು, ಸಂಕ್ಷೇಪಿಸಿ ಬರೆಯುವುದು ಕಷ್ಟವಲ್ಲ. ಆದರೆ ಉತ್ತರ ಕೊಡಲು ಅವರಿಗೆ 30 ದಿನ ಇದೆ. ಜೆಸಿಬಿ ಅಷ್ಟು ಕಾಯುವುದಿಲ್ಲ. ಹಾಗಾಗಿ ಅರ್ಜಿ ಹಾಕಿಡಿ, ಅದನ್ನೇ ನೆಚ್ಚಿಕೊಂಡು ಕೂರಬೇಡಿ. ಗಿಡದ ಫೋಟೊ, ಬಣ್ಣ ಬಳಿದದ್ದು, ಗೂಬೆಯ ಪೊಟರೆ, ಎಲ್ಲ ಪ್ರಿಂಟ್ ಹಾಕಿಸಿ ಸೇಡಂನಲ್ಲಿ ವಲಯ ಅರಣ್ಯಾಧಿಕಾರಿಗೆ ನೇರ ಪತ್ರ ಕೊಡಿ. ‘ಈ ಗಿಡ ಕಡಿಯಲು ಅನುಮತಿ ಕೇಳಿ ಅರ್ಜಿ ಬಂದಿದೆಯೇ’ ಅನ್ನುವ ಒಂದೇ ಪ್ರಶ್ನೆ ಸಾಕು. ಬಂದಿಲ್ಲ ಅಂದರೆ ಆ ಉತ್ತರವೇ ನಿಮ್ಮ ಕೈಯ ಬಲ.

ಇನ್ನು ಒಂದು ಪುಸ್ತಕದ ಬಗ್ಗೆ ಹೇಳಬೇಕು. ಬಹಳ ಪಂಚಾಯಿತಿಗಳಲ್ಲಿ ಇದು ಬೀರುವಿನಲ್ಲಿ ಧೂಳು ತಿನ್ನುತ್ತಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪಕ್ಷಿ, ದನದ ತಳಿ, ಬೀಜ, ಔಷಧಿ ಸೊಪ್ಪು, ಎಲ್ಲ ಬರೆದಿಟ್ಟ ದಾಖಲೆ ಪುಸ್ತಕ ಇರಬೇಕು. ಎಷ್ಟೋ ವರ್ಷ ಯಾರೂ ಕೇರ್ ಮಾಡಲಿಲ್ಲ. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟಿತು, ತಪ್ಪಿದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಅಂದಿತು. ದೇಶದ ತುಂಬಾ ಗಡಿಬಿಡಿಯಲ್ಲಿ ಪುಸ್ತಕ ತಯಾರಾದವು. ಗಡಿಬಿಡಿಯಲ್ಲಿ ಆದದ್ದು ಹೇಗಿರಬೇಕೋ ಹಾಗೇ ಇವೆ. ಪಕ್ಕದೂರಿನ ಪುಸ್ತಕದಿಂದ ಇಳಿಸಿಕೊಂಡರೇನೋ ಅನ್ನಿಸುವಂಥವನ್ನು ನಾನೇ ನೋಡಿದ್ದೇನೆ. ನಿಮ್ಮ ಪಂಚಾಯಿತಿಯದನ್ನು ಕೇಳಿ ತೆಗೆಸಿ ನೋಡಿ. ನಿಮ್ಮ ಬೇವು, ಹುಣಸೆ, ಗೀಜಗ ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಪತ್ರ ಕೊಡಿ. ಆ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಗಿಡ ಉಳಿಯುವುದಿಲ್ಲ, ಅದು ನನಗೂ ಗೊತ್ತು. ಆದರೆ ಮುಂದಿನ ಸಲ ಜೆಇ ಬಂದಾಗ ‘ಇಲ್ಲಿ ಏನೂ ಇರಲಿಲ್ಲ’ ಅನ್ನುವ ಮಾತಿಗೆ ಎದುರಾಗಿ ಸರ್ಕಾರದ್ದೇ ಒಂದು ಕಾಗದ ಇರುತ್ತದೆ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆದದ್ದು ಇದೇ ಕಾಯ್ದೆಯಿಂದ. ನಿಮ್ಮ ಒಂಟಿ ಹುಣಸೆಗೆ ಆ ಭಾಗ್ಯ ಬರಲಿಕ್ಕಿಲ್ಲ ಬಿಡಿ.

ನಿಮಗೆ ಪಕ್ಕದ ಚಿಂಚೋಳಿ ವನ್ಯಜೀವಿಧಾಮ ಗೊತ್ತೇ ಇರುತ್ತದೆ. 2011ರಲ್ಲಿ ಘೋಷಣೆಯಾದದ್ದು, ಸುಮಾರು 135 ಚದರ ಕಿಲೋಮೀಟರ್. ಕತ್ತೆಕಿರುಬ, ತೋಳ ಇರುವ ಒಣ ಕಾಡು. ಅದಕ್ಕೆ ಗಾರ್ಡ್ ಇದ್ದಾರೆ, ಗಡಿ ಇದೆ, ಬೋರ್ಡ್ ಇದೆ. ಪರಿಸರದ ಮಾತು ಬಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಅತ್ತ ಕೈ ತೋರಿಸುತ್ತಾರೆ. ಆದರೆ ನಮ್ಮದು ಹೊಲದ ಜಿಲ್ಲೆ. ಇಲ್ಲಿನ ಹಕ್ಕಿ, ಉಡ, ಮುಂಗುಸಿ ಬಹುಪಾಲು ಬದುಕಿರುವುದು ಬದು, ಹಳ್ಳದ ದಂಡೆ, ಹಿತ್ತಲುಗಳಲ್ಲೇ. ಇದಕ್ಕೆ ಗಾರ್ಡ್ ಬರುವುದಿಲ್ಲ.

ರಾಜಕೀಯದ ಬಗ್ಗೆ ಒಂದು ಕಿವಿಮಾತು. ಬಣ್ಣ ಬಳಿದ ಗಿಡದ ಫೋಟೊ ಹಾಕಿ, ಸದಸ್ಯರ ಹೆಸರು ಹಿಡಿದು ಊರ ವಾಟ್ಸಾಪ್ ಗ್ರೂಪಿನಲ್ಲಿ ಬರೆಯಬೇಡಿ. ಬರೆದ ಗಳಿಗೆಯಿಂದ ಅದು ಬೇವಿನ ಗಿಡ ಆಗಿ ಉಳಿಯುವುದಿಲ್ಲ, ಈ ಪಾರ್ಟಿ ಆ ಪಾರ್ಟಿ ಆಗುತ್ತದೆ. ಆಮೇಲೆ ಹಟಕ್ಕೇ ಕಡಿಯುತ್ತಾರೆ. ಬದಲಿಗೆ ಆ ಸದಸ್ಯರ ಮನೆಗೆ ಹೋಗಿ ಚಹಾ ಕುಡಿಯಿರಿ. ಅವರ ಮಕ್ಕಳೋ ಅಣ್ಣತಮ್ಮಂದಿರ ಮಕ್ಕಳೋ ನಿಮ್ಮ ಶಿಷ್ಯರಾಗಿದ್ದರೂ ಆಶ್ಚರ್ಯವಿಲ್ಲ. ‘ರೋಡ್ ನನಗೂ ಬೇಕ್ರಿ, ಚರಂಡಿ ಎರಡಡಿ ಬಾಗಿಸಿ ಕೊಡ್ರಿ’ ಅನ್ನಿ. ಅವರಿಗೆ ಬೇಕಾಗಿರುವುದು ಉದ್ಘಾಟನೆ. ಬೇವಿನ ನೆರಳಲ್ಲಿ ಶಾಮಿಯಾನ ಖರ್ಚೂ ಉಳಿಯುತ್ತದೆ! ‘ಒಂದು ಕಡದ್ರ ಎರಡು ಹಚ್ಚಿದ್ರಾಯ್ತು’ ಅಂದರೆ ಹೋದ ಜೂನ್‌ನಲ್ಲಿ ಕೆರೆ ದಂಡೆಗೆ ಹಚ್ಚಿದ್ದರಲ್ಲಿ ಎಷ್ಟು ಉಳಿದಿವೆ ನೋಡಿಕೊಂಡು ಬರೋಣ ಬನ್ನಿ ಅಂತ ಕರೆಯಿರಿ. ಜಗಳದ ದನಿ ಮಾತ್ರ ಬೇಡ. ಹಚ್ಚುವುದಾದರೆ ಹೊಂಗೆ, ಅತ್ತಿ, ಬನ್ನಿ, ಬೇವು ಕೇಳಿ. ಬೇಗ ಹಸಿರಾಗುತ್ತದೆ ಅಂತ ಕೋನೋಕಾರ್ಪಸ್ ಅನ್ನುವ ವಿದೇಶಿ ಗಿಡ ತಂದರೆ ಬೇಡ ಅನ್ನಿ. ಗುಜರಾತಿನಲ್ಲಿ 2023ರಲ್ಲೇ ಅದನ್ನು ನಿಷೇಧಿಸಿದ್ದಾರೆ.

ಕೆರೆ ಕಸದ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಬಯಲಲ್ಲಿ ಕಸ ಸುಡುವುದನ್ನು ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ದೇಶಾದ್ಯಂತ ನಿಷೇಧಿಸಿದೆ. ಸಣ್ಣಪುಟ್ಟದ್ದಕ್ಕೆ 5,000, ರಾಶಿ ಸುಟ್ಟರೆ 25,000 ರೂಪಾಯಿ ದಂಡ. ಆದರೆ ಸುಡುವವರು ಪಂಚಾಯಿತಿಯವರೇ ಆದಾಗ ದಂಡ ಹಾಕುವವರು ಯಾರು? ಅದಕ್ಕೇ ನಾನು ಹೇಳುವುದು, ಪಂಚಾಯಿತಿಯ ಕಸದ ಗಾಡಿ ‘ಸ್ವಚ್ಛ ವಾಹಿನಿ’ ಓಡಿಸುವ ಹೆಣ್ಣುಮಕ್ಕಳನ್ನು ಮೊದಲು ಮಾತಾಡಿಸಿ. ಸಾಕಷ್ಟು ಕಡೆ ಇವರು ಸ್ವಸಹಾಯ ಸಂಘದವರೇ. ಕಸ ಇಳಿಸಲು ಘಟಕ ಇದೆಯೇ, ಬೀಗ ಬಿದ್ದಿದೆಯೇ, ಪ್ಲಾಸ್ಟಿಕ್ ಕೊಳ್ಳುವವರು ಬರುತ್ತಾರೆಯೇ, ಪಗಾರ ಆಗಿದೆಯೇ, ಎಲ್ಲ ಅವರಿಗೆ ಗೊತ್ತು. ಹೊಗೆ ಮೊದಲು ಹೋಗುವುದೂ ಅವರ ಎದೆಗೇ. ಗ್ರಾಮ ಸಭೆಯಲ್ಲಿ ನಿಮ್ಮ ಪಕ್ಕ ಅವರಲ್ಲಿ ಇಬ್ಬರು ಎದ್ದು ನಿಂತರೆ ಮಾತಿನ ತೂಕವೇ ಬೇರೆ. ಕೆರೆ ಯಾರದು ಅಂತಲೂ ತಿಳಿದುಕೊಳ್ಳಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆ ಇದ್ದರೆ ಪಂಚಾಯತ್ ರಾಜ್ ಕಡೆಯದು.

ಪತ್ರ ಹೇಗಿರಬೇಕು ಅಂದರೆ, ಉದ್ದ ಬೇಡ. ಪರಿಸರ, ಭೂಮಿತಾಯಿ, ಮುಂದಿನ ಪೀಳಿಗೆ ಯಾವುದೂ ಬೇಡ. ಹೀಗೆ ಸಾಕು:

‘ನಮ್ಮ ಮನೆ ಮುಂದಿನ ಸಿಸಿ ರಸ್ತೆ ಮತ್ತು ಚರಂಡಿ ಕಾಮಗಾರಿಗೆ ನಮ್ಮ ಒಪ್ಪಿಗೆ ಇದೆ. ಕಾಮಗಾರಿ ಜಾಗದ ಅಂಚಿನಲ್ಲಿ ಒಂದು ಬೇವಿನ ಗಿಡ ಇದ್ದು ಅದಕ್ಕೆ ಕೆಂಪು ಗುರುತು ಹಾಕಲಾಗಿದೆ. ಗಿಡದ ಬಳಿ ಚರಂಡಿಯನ್ನು ಎರಡು ಅಡಿ ರಸ್ತೆ ಕಡೆಗೆ ತಿರುಗಿಸಿ, ಬುಡದ ಸುತ್ತ ಮೂರು ಅಡಿ ಜಾಗಕ್ಕೆ ಕಾಂಕ್ರೀಟ್ ಹಾಕದೆ ಬಿಡುವಂತೆ ಅಂದಾಜು ಪಟ್ಟಿಯಲ್ಲಿ ಸೇರಿಸಲು ಕೋರುತ್ತೇವೆ. ಗಿಡ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಪಡೆದಿದ್ದರೆ ಅದರ ಪ್ರತಿ ಕೊಡಬೇಕು. ಸ್ಥಳ ಪರಿಶೀಲನೆಗೆ ಬರುವ ದಿನ ಮೊದಲೇ ತಿಳಿಸಬೇಕು.’

ಬುಡದ ಮೂರಡಿಯ ಮಾತು ಬಿಡಬೇಡಿ. ಗಿಡ ಉಳಿಸಿದೆವು ಅಂತ ಹೇಳಿ ಕಾಂಡಕ್ಕೆ ಹತ್ತಿಸಿ ಕಾಂಕ್ರೀಟ್ ಹಾಕಿಬಿಡುತ್ತಾರೆ. ಬೇರಿಗೆ ನೀರೂ ಗಾಳಿಯೂ ಇಲ್ಲದೆ ಅದು ಕೆಲವು ವರ್ಷಕ್ಕೆ ಒಣಗಿ, ಒಂದು ಗಾಳಿಗೆ ಯಾರದೋ ಮನೆ ಮೇಲೆ ಬೀಳುತ್ತದೆ. ಕೊಂಬೆ ಸವರುವುದು ಅನಿವಾರ್ಯವಾದರೆ ಜೂನ್ ಹೊತ್ತಿಗೆ ಮಾಡಲು ಹೇಳಿ. ಈ ಗೂಬೆಗಳು ಚಳಿ ಮುಗಿಯುವಾಗ ಮೊಟ್ಟೆ ಇಡುತ್ತವೆ, ಬೇಸಿಗೆಯಲ್ಲಿ ಮರಿ ಇರುತ್ತವೆ.

ಸುತ್ತಲ ನಾಲ್ಕಾರು ಮನೆಯವರ ಸಹಿ ಹಾಕಿಸಿ, ನಮೂನೆ 9ರ ಜೆರಾಕ್ಸ್ ಮತ್ತು ಫೋಟೊ ಲಗತ್ತಿಸಿ. ಒಂದು ಪ್ರತಿ ಪಿಡಿಒಗೆ, ಒಂದು ಇಂಜಿನಿಯರಿಂಗ್ ವಿಭಾಗಕ್ಕೆ, ಒಂದು ವಲಯ ಅರಣ್ಯಾಧಿಕಾರಿಗೆ. ಕೈಯಲ್ಲಿ ಕೊಟ್ಟು ‘ನೋಡ್ತೀವಿ ತಗೊಳ್ರಿ’ ಅನ್ನಿಸಿಕೊಂಡು ಬರಬೇಡಿ. ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್, ತಾರೀಖು, ಸೀಲು ಹಾಕಿಸಿಕೊಳ್ಳಿ. ಗ್ರಾಮ ಸಭೆಯಲ್ಲಿ ಇದೇ ವಿಷಯ ಎತ್ತಿದಾಗ ಆ ನಂಬರ್ ಓದಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಕಣ್ಣಾರೆ ನೋಡಿಯೇ ಎದ್ದು ಬನ್ನಿ.